ದಿನದ ಧಮ್ಮ ಚಿಂತನೆ: ಶಾಗ್ಯದವರು ಶಾಕ್ಯರೇ?



ಧಮ್ಮಬಂಧುಗಳೇ, ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬೆಳಗಿನ ಕೆಲಸ ಮುಗಿಸಿ, ಒಂದು ಕಡೆ ಕೂತು ಓದಿ.

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ಯುವಕ ಎದ್ದು ನಿಂತು ಹೇಳಿದ: "ಅಣ್ಣ, ನಮ್ಮೂರು ಶಾಗ್ಯ. ಬುದ್ಧರ ಕುಲ ಶಾಕ್ಯ. ಗ ತೆಗೆದು ಕ ಹಾಕಿ ನೋಡಿ, ಒಂದೇ ಹೆಸರು. ಅಂದಮೇಲೆ ನಮ್ಮ ಮೈಯಲ್ಲಿ ಹರಿಯೋದು ಬುದ್ಧರ ವಂಶದ ರಕ್ತ ಅಲ್ವಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದಮೇಲೆ ಆ ಚಪ್ಪಾಳೆ ನನ್ನನ್ನೇ ಚುಚ್ಚತೊಡಗಿತು. ಹೆಸರು ಹೋಲುತ್ತದೆ ಎಂಬುದು ರಕ್ತಕ್ಕೆ ಸಾಕ್ಷಿಯಲ್ಲ. ಅದು ಎಲ್ಲರಿಗೂ ಗೊತ್ತಿರುವ ಮಾತು. ನನ್ನನ್ನು ಕಾಡಿದ್ದು ಬೇರೆ. ಊರಿನವರೆಲ್ಲ ಶಾಕ್ಯರ ವಂಶ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ನನ್ನನ್ನು ಎಲ್ಲಿ ಕೂರಿಸುತ್ತೀರಿ?

*ನನ್ನ ಇಬ್ಬರು ಅವ್ವಂದಿರು*

ನಮ್ಮಪ್ಪ ಶಾಗ್ಯದವನು, ನಮ್ಮ ಕೇರಿಯವನು. ಹೆತ್ತವ್ವ ಅಂತಿಯೂರು ಕಡೆಯವಳು. ಬರಗೂರು ಬೆಟ್ಟ ಹತ್ತಿ, ಗರ್ಕೆಕಂಡಿ ದಾಟಿ ಕೂಲಿಗೆ ಬಂದವಳು. ಅವಳ ಮಾತು ತಮಿಳು. ನಾನು ಹುಟ್ಟಿದ್ದು 1974ರಲ್ಲಿ. ನನಗೆ ಏಳು ತಿಂಗಳಾದಾಗ ಜ್ವರ ಬಂದು ತೀರಿಹೋದಳು. ಅಪ್ಪ ಕಲ್ಲು ಕ್ವಾರಿ ಕೆಲಸ ಹುಡುಕಿಕೊಂಡು ಹೋದವನು ವರ್ಷಕ್ಕೊಮ್ಮೆ ಬರುವ ನೆಂಟನಾದ.

ನನ್ನನ್ನು ಎತ್ತಿಕೊಂಡವಳು ಬೇರೆ ಬೀದಿಯ, ಬೇರೆ ಜಾತಿಯ ಒಬ್ಬ ಹೆಂಗಸು. ಆ ವಾರ ಅವಳ ಕೂಸು ಸತ್ತಿತ್ತು, ಎದೆಯಲ್ಲಿ ಹಾಲಿತ್ತು. ಗಂಡ ಮಲೆಯ ಮಾದಪ್ಪನ ದೇವರಗುಡ್ಡ. ಕಂಸಾಳೆ ಹಿಡಿದು ಊರೂರಿಗೆ ಕೋರಣ್ಯಕ್ಕೆ ಹೋಗುತ್ತಿದ್ದವನು. "ಮಾದಪ್ಪ ಎಲ್ಲಾರ ಮನೆ ಭಿಕ್ಷೆನೂ ಉಂಡವ್ನೆ. ಈ ಕೂಸು ನಮ್ಮನೇಲಿ ಉಂಡ್ರೆ ಏನಾದದು?" ಅಂದನಂತೆ. ಬೀದಿಯವರು ಆರು ತಿಂಗಳು ಅವರ ಮನೆಯ ನೀರು ಮುಟ್ಟಲಿಲ್ಲ. ಅವಳು ಒಬ್ಬರನ್ನೂ ಬೈಯಲಿಲ್ಲ, ನನ್ನನ್ನು ಇಳಿಸಲೂ ಇಲ್ಲ.

ಹೆತ್ತವ್ವ ನನ್ನನ್ನು "ತಂಗಂ" ಎಂದು ಕರೆಯುತ್ತಿದ್ದಳಂತೆ. ತಮಿಳಿನಲ್ಲಿ ಚಿನ್ನ ಎಂದರ್ಥ. ಸಾಕಿದವ್ವನಿಗೆ ತಮಿಳು ಬಾರದು. ಆದರೂ ಆ ಹೆಸರನ್ನು ಬಿಡಲಿಲ್ಲ. "ಅವಳು ಕರೀತಿದ್ದ ಹೆಸರು, ಕೂಸು ಕೇಳಿಸ್ಕಂಡಿರ್ತದೆ" ಎಂದು ತಾನೂ "ತಂಗ" ಎಂದೇ ಕರೆದಳು. ಒಬ್ಬಳ ಮಾತನ್ನು ಇನ್ನೊಬ್ಬಳು ಎತ್ತಿ ಇಟ್ಟುಕೊಂಡಳು.

ಈಗ ನನ್ನ ತಪ್ಪಿನ ಮಾತು ಹೇಳುತ್ತೇನೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಗಲಾಟೆಯಾಯಿತು. ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ಹಲ್ಲೆಗಳಾದವು. ನನಗೆ ಆಗ ಹದಿನೇಳು, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದೆ. ಗಲಾಟೆ ತಣ್ಣಗಾದ ಮೇಲೆ, ಮಗ ಹೇಗಿದ್ದಾನೋ ಎಂದು ಸಾಕಿದವ್ವ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದಳು. ಗೇಟಿನ ಹತ್ತಿರ ನಿಂತು "ತಂಗಾ..." ಎಂದು ಕೂಗಿದಳು. ಪಕ್ಕದಲ್ಲಿದ್ದ ಹುಡುಗರು ನನ್ನ ಮುಖ ನೋಡಿದರು. ನಾನು ಓಡಿ ಹೋಗಿ ಅವಳ ಕಿವಿಯಲ್ಲಿ ಹೇಳಿದೆ: "ಇನ್ನುಮುಂದೆ ಹಾಗೆ ಕರೀಬೇಡ. ನನ್ ಹೆಸರು ಹಿಡಿದು ಕರಿ."

"ಆಗ್ಲಿ ಕನಪ್ಪ" ಅಂದಳು. ಸಾಯುವ ತನಕ ಮತ್ತೆ ಹಾಗೆ ಕರೆಯಲಿಲ್ಲ. ಆವತ್ತು ನಾನು ಹೆತ್ತವಳನ್ನು ಎರಡನೇ ಸಲ ಮಣ್ಣು ಮಾಡಿದೆ. ಸಾಕಿದವಳ ಕೈಯಿಂದಲೇ ಮಾಡಿಸಿದೆ.

ಆ ಗೇಟಿನಲ್ಲಿ ಬೆರಕೆಗೆ ನಾಚಿದವನು ನಾನು. ಮೊನ್ನೆ ಭಾನುವಾರ ಶುದ್ಧ ರಕ್ತಕ್ಕೆ ಚಪ್ಪಾಳೆ ತಟ್ಟಿದವನೂ ನಾನೇ. ಎರಡೂ ಒಂದೇ ರೋಗ ಅನ್ನುವುದು ಈ ವಾರ ನನಗೆ ಅರ್ಥವಾಯಿತು.

*ಶಾಕ್ಯರ ಹೆಮ್ಮೆ ಶಾಕ್ಯರನ್ನು ಏನು ಮಾಡಿತು?*

ಶಾಕ್ಯ ರಕ್ತದ ಮಾತು ಬಂದಿದೆಯಲ್ಲ, ಶಾಕ್ಯರ ಕತೆಯನ್ನೇ ನೋಡೋಣ.

ಕೋಸಲದ ರಾಜ ಪಸೇನದಿ ಶಾಕ್ಯರ ಹೆಣ್ಣು ಕೇಳಿದ. ಶಾಕ್ಯರಿಗೆ ತಮ್ಮ ಕುಲದ ಹೆಣ್ಣನ್ನು ಹೊರಗೆ ಕೊಡಲು ಮನಸ್ಸಿಲ್ಲ; ಇಲ್ಲವೆನ್ನಲು ಧೈರ್ಯವೂ ಇಲ್ಲ. ಮಹಾನಾಮ ಎಂಬ ಶಾಕ್ಯನಿಗೆ ದಾಸಿಯಲ್ಲಿ ಹುಟ್ಟಿದ ವಾಸಭಖತ್ತಿಯಾ ಎಂಬ ಮಗಳಿದ್ದಳು. ಅವಳನ್ನು ಕುಲೀನ ಕನ್ಯೆ ಎಂದು ಸುಳ್ಳು ಹೇಳಿ ಮದುವೆ ಮಾಡಿದರು. ಅವಳಿಗೆ ವಿಡೂಡಭ ಎಂಬ ಮಗ ಹುಟ್ಟಿದ. ಹುಡುಗ ಬೆಳೆದು ತಾಯಿಯ ತವರು ನೋಡಲು ಕಪಿಲವಸ್ತುವಿಗೆ ಬಂದ. ಅವನು ಹೊರಟ ಮೇಲೆ, ಅವನು ಕೂತಿದ್ದ ಮಣೆಯನ್ನು ಒಬ್ಬ ದಾಸಿ ಹಾಲು ಬೆರೆಸಿದ ನೀರಿನಲ್ಲಿ ತೊಳೆಯುತ್ತಾ, ದಾಸಿಯ ಮಗ ಕೂತಿದ್ದ ಜಾಗವೆಂದು ಗೊಣಗಿದಳು. ಮರೆತ ಆಯುಧ ತರಲು ಹಿಂದಿರುಗಿದ ಸೈನಿಕ ಅದನ್ನು ಕೇಳಿಸಿಕೊಂಡ. ಮಾತು ವಿಡೂಡಭನ ಕಿವಿಗೆ ಬಿತ್ತು. ರಾಜನಾದ ಮೇಲೆ ಅವನು ಸೈನ್ಯ ಕಟ್ಟಿಕೊಂಡು ಬಂದು ಶಾಕ್ಯರನ್ನು ಕೊಚ್ಚಿ ಹಾಕಿದ. ಅಟ್ಟಕಥೆಗಳು ಹೇಳುವ ಕತೆ ಇದು.

ವಿಡೂಡಭ ಮಾಡಿದ್ದು ಘೋರ ಪಾಪ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಣೆ ತೊಳೆದ ಆ ಹಾಲನ್ನು ನೋಡಿ. ತಮ್ಮದೇ ಮೊಮ್ಮಗ ಕೂತ ಜಾಗ ಅದು. ಬೆರಕೆ ಎಂಬ ಒಂದೇ ಕಾರಣಕ್ಕೆ ತೊಳೆಸಿದರು. ಬುದ್ಧರು ಹುಟ್ಟಿದ ಕುಲವೇ ಆದರೂ ಕುಲದ ಅಹಂಕಾರ ಅದನ್ನು ಉಳಿಸಲಿಲ್ಲ.

ಅದೇ ಶಾಕ್ಯರಲ್ಲಿ ಇನ್ನೊಂದು ದಾರಿ ಹಿಡಿದವರೂ ಇದ್ದರು. ಅನುರುದ್ಧ, ಆನಂದ ಮೊದಲಾದ ಶಾಕ್ಯ ಕುಮಾರರು ಪ್ರವ್ರಜ್ಯೆಗೆ ಬಂದಾಗ ಜೊತೆಯಲ್ಲಿ ಕ್ಷೌರಿಕ ಉಪಾಲಿ ಇದ್ದ. ನಾವು ಶಾಕ್ಯರು ಬಹಳ ಮಾನಿಗಳು, ನಮ್ಮ ಮಾನ ಇಳಿಯಲಿ, ಮೊದಲು ಉಪಾಲಿಗೆ ದೀಕ್ಷೆ ಕೊಡಿ ಎಂದು ಅವರೇ ಬೇಡಿಕೊಂಡರು. ಮೊದಲು ದೀಕ್ಷೆ ಪಡೆದವನು ಹಿರಿಯ. ಅವನಿಗೆ ರಾಜಕುಮಾರರು ಕೈಮುಗಿಯಬೇಕಾಯಿತು.

ನಮ್ಮ ಯುವಕನಿಗೆ ನಾನು ಪ್ರೀತಿಯಿಂದ ಕೇಳುವುದು ಇಷ್ಟೇ: ಶಾಕ್ಯರಾಗುವುದಾದರೆ ಯಾವ ಶಾಕ್ಯರಾಗೋಣ? ಮಣೆ ತೊಳೆಸಿದವರೋ, ಉಪಾಲಿಗೆ ಕೈಮುಗಿದವರೋ?

*ಮಾನ ಮೂರು ಬಗೆ*

ಬುದ್ಧರು 'ಮಾನ' ಎಂದು ಕರೆದದ್ದು ಒಂದು ಬಂಧನವನ್ನು. ಅದು ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ: ನಾನು ಮೇಲು, ನಾನು ಸಮ, ನಾನು ಕೀಳು. ಮೊದಲನೆಯದು ಅಹಂಕಾರ ಎಂದು ಎಲ್ಲರಿಗೂ ಗೊತ್ತು. ಮೂರನೆಯದನ್ನು ನಾವು ವಿನಯ ಎಂದು ತಪ್ಪು ತಿಳಿಯುತ್ತೇವೆ. ಅದೂ ಮಾನವೇ. ಮೂರರಲ್ಲೂ ಕೈಯಲ್ಲಿ ಒಂದೇ ಅಳತೆಗೋಲಿದೆ. ನನ್ನನ್ನು ಪಕ್ಕದವನ ಜೊತೆ ನಿಲ್ಲಿಸಿ ಅಳೆಯುವ ಕೋಲು.

ಹಾಸ್ಟೆಲಿನ ಗೇಟಿನಲ್ಲಿ ನಾನು ಹಿಡಿದಿದ್ದು ಆ ಕೋಲನ್ನೇ. ಆ ಹುಡುಗರ ಅಳತೆಯಲ್ಲಿ ನನ್ನವ್ವನ ಮಾತು ಕೀಳಾಗಿ ಕಂಡಿತು, ಮುಚ್ಚಿಟ್ಟೆ. ಶಾಕ್ಯ ರಕ್ತ ಎಂದಾಗ ಅದೇ ಕೋಲಿನಲ್ಲಿ ಮೇಲಾಗಿ ಕಂಡೆ, ಚಪ್ಪಾಳೆ ತಟ್ಟಿದೆ.

ಅಂದಮೇಲೆ ಪ್ರಶ್ನೆ ಇದು: ನನ್ನ ಬೆರೆತ ಹುಟ್ಟಿನ ಬಗ್ಗೆ, ನನ್ನನ್ನು ಸಾಕಿದ ಮನೆಯ ಬಗ್ಗೆ ನಾನು ಹೆಮ್ಮೆಪಡಬಹುದೇ? ಅಥವಾ ಹೆಮ್ಮೆಯೆಲ್ಲವೂ ಮಾನವೇ?

*ಹಾಲಿನ ಋಣ*

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬುದ್ಧರೇ ಸಾಕುಮಗ.

ಹೆತ್ತ ಏಳನೇ ದಿನಕ್ಕೆ ಮಹಾಮಾಯೆ ತೀರಿಕೊಂಡಳು. ಸಾಕಿದವಳು ಚಿಕ್ಕಮ್ಮ ಮಹಾಪಜಾಪತಿ ಗೋತಮಿ. ತನ್ನ ಸ್ವಂತ ಮಗ ನಂದನನ್ನು ದಾದಿಯರ ಕೈಗೆ ಕೊಟ್ಟು ಸಿದ್ಧಾರ್ಥನಿಗೆ ಎದೆಹಾಲು ಕೊಟ್ಟಳು ಎಂದು ಅಟ್ಟಕಥೆಗಳು ಹೇಳುತ್ತವೆ. ಮುಂದೆ ಬುದ್ಧರು ಕಪಿಲವಸ್ತುವಿಗೆ ಬಂದಾಗ ಆಕೆ ತಾನೇ ನೂತು ನೇಯ್ದ ಒಂದು ಜೊತೆ ಬಟ್ಟೆ ತಂದಳು. ರೇಷ್ಮೆ ಮಗ್ಗಗಳ ಸದ್ದು ಕೇಳಿದ ಕೊಳ್ಳೇಗಾಲದ ನಮಗೆ ಅದು ಎಷ್ಟು ದಿನದ ಕೆಲಸ ಎಂದು ಗೊತ್ತು. ಬುದ್ಧರು ಅದನ್ನು ಸಂಘಕ್ಕೆ ಕೊಡು ಎಂದರು. ಆಗ ಆನಂದರು ನೆನಪಿಸಿದರು: ಈಕೆ ನಿಮ್ಮನ್ನು ಕಾಪಾಡಿದವಳು, ಪೋಷಿಸಿದವಳು, ಹೆತ್ತವಳು ಹೋದಾಗ ಹಾಲು ಕೊಟ್ಟವಳು.

ಹೆಂಗಸರಿಗೆ ಪ್ರವ್ರಜ್ಯೆ ಬೇಕೆಂದು ಆಕೆ ಕೇಳಿದಾಗಲೂ ಅಷ್ಟೇ. ಬುದ್ಧರು ಮೊದಲು ಒಪ್ಪಲಿಲ್ಲ. ಆನಂದರು ಹೆಣ್ಣಿಗೂ ಅರಹಂತ ಫಲ ಸಾಧ್ಯವೇ ಎಂದು ಕೇಳಿ ಹೌದೆನಿಸಿಕೊಂಡು, ಮತ್ತೆ ಆ ಹಾಲಿನ ಮಾತು ಎತ್ತಿದರು. ಬಾಗಿಲು ತೆರೆಯಿತು. ಭಿಕ್ಷುಣಿ ಸಂಘ ಹುಟ್ಟಿದ ಹೊತ್ತಿನಲ್ಲಿ ಒಬ್ಬ ಸಾಕುತಾಯಿಯ ಹಾಲು ಸಾಕ್ಷಿ ನುಡಿದಿದೆ, ಬಂಧುಗಳೇ.

ಇನ್ನೊಂದು ಸೂಕ್ಷ್ಮ ನೋಡಿ. ತಂದೆ ತಾಯಿಯನ್ನು ಎರಡು ಹೆಗಲ ಮೇಲೆ ನೂರು ವರ್ಷ ಹೊತ್ತರೂ ಋಣ ತೀರದು ಎಂದು ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳುತ್ತಾರೆ. ಯಾಕೆ ತೀರದು? ಅವರು ಕಾಪಾಡಿದರು, ಪೋಷಿಸಿದರು, ಈ ಲೋಕವನ್ನು ತೋರಿಸಿದರು. ಅಲ್ಲಿ ಕೊಟ್ಟಿರುವ ಕಾರಣ ಇದು. ರಕ್ತ ಹಂಚಿದರು ಎಂಬ ಮಾತು ಅಲ್ಲಿಲ್ಲ. ಗೋತಮಿಗೆ ಆನಂದರು ಬಳಸಿದ್ದೂ ಅವೇ ಪದಗಳನ್ನು.

ಇದಕ್ಕೆ ಪಾಲಿಯಲ್ಲಿ 'ಕತಞ್ಞುತಾ' ಎನ್ನುತ್ತಾರೆ. ನಮ್ಮ 'ಕೃತಜ್ಞತೆ' ಅದೇ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ತಿಳಿದವನು. ನನಗಾಗಿ ಮಾಡಿದ್ದನ್ನು ತಿಳಿದವನು ಕೃತಜ್ಞ. ಮಾನ "ನಾನು ಇಂಥವನು" ಅನ್ನುತ್ತದೆ. ಕೃತಜ್ಞತೆ "ಅವರು ಇಂಥದ್ದು ಮಾಡಿದರು" ಅನ್ನುತ್ತದೆ. ಹೊರಗಿನಿಂದ ಎರಡೂ ಹೆಮ್ಮೆಯಂತೆಯೇ ಕಾಣುತ್ತವೆ, ಎರಡರಲ್ಲೂ ಎದೆ ಉಬ್ಬುತ್ತದೆ. ಒಳಗಿನ ಮಾತು ಬೇರೆ.

*ನಮ್ಮ ಸೀಮೆಗೆ ಇದು ಹೊಸದಲ್ಲ*

ರಾಜಗೃಹದ ಕಸದ ಗುಡ್ಡೆಯ ಮೇಲೆ ಒಂದು ಕೂಸು ಬಿದ್ದಿತ್ತು, ಸುತ್ತ ಕಾಗೆಗಳು. ಅಭಯ ರಾಜಕುಮಾರ ಬದುಕಿದೆಯೇ ಎಂದು ಕೇಳಿದ, ಬದುಕಿದೆ ಎಂದರು. ಅದರಿಂದಲೇ ಜೀವಕ ಎಂಬ ಹೆಸರಾಯಿತು. ದೊಡ್ಡವನಾದ ಮೇಲೆ ನನ್ನ ತಂದೆ ತಾಯಿ ಯಾರು ಎಂದು ಕೇಳಿದ. ತಾಯಿ ಯಾರೋ ತಿಳಿಯದು, ಸಾಕಿದ ನಾನೇ ತಂದೆ ಎಂದ ಅಭಯ. ಜೀವಕ ತಕ್ಷಶಿಲೆಗೆ ಹೋಗಿ 7 ವರ್ಷ ವೈದ್ಯ ಕಲಿತು ಬುದ್ಧರ ವೈದ್ಯನಾದ. ರಾಜಕುಮಾರ ಸಾಕಿದವನು ಎಂಬುದೇ ಅವನ ಹೆಸರಿಗೆ ಅಂಟಿಕೊಂಡಿತು: ಜೀವಕ ಕೋಮಾರಭಚ್ಚ. ಅದನ್ನು ಅವನು ಮುಚ್ಚಿಡಲಿಲ್ಲ.

ನಮ್ಮ ಕಡೆಯ ಕತೆಯೂ ಇದಕ್ಕೆ ಹತ್ತಿರ. ಆಚಾರಿ ಮನೆಯ ಮಗ ಕೆಂಪಾಚಾರಿ ಮಂಟೇಸ್ವಾಮಿಯ ಸಿಸುಮಗನಾಗಿ ಸಿದ್ದಪ್ಪಾಜಿಯಾದ. ಚಿಕ್ಕಲ್ಲೂರು ಜಾತ್ರೆಯಲ್ಲಿ ಹಲವು ಜಾತಿಯ ಒಕ್ಕಲು ಇವತ್ತಿಗೂ ಅವನ ಹೆಸರಿನಲ್ಲಿ ಸಾಲಾಗಿ ಕೂತು ಉಣ್ಣುತ್ತದೆ. ಹೆತ್ತ ಮಗನಿಗಿಂತ ಸಿಸುಮಗನ ಕತೆಯನ್ನು ರಾತ್ರಿಯಿಡೀ ಹಾಡುವ ಸೀಮೆ ನಮ್ಮದು.

ಊರನ್ನೇ ತೆಗೆದುಕೊಳ್ಳಿ. ನಮ್ಮ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಅದಕ್ಕೆ 18 ದಿನ ಮೊದಲು, ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದರು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ನಾವು ಹನೂರು ತಾಲ್ಲೂಕು. ಅದೇ ಹಳ್ಳಿ, ಅದೇ ಬಾವಿ, ಮೂರು ಜಿಲ್ಲೆಯ ವಿಳಾಸ. ಊರೇ ದತ್ತು ಹೋದ ಊರು. ಪಕ್ಕದ ಒಡೆಯರಪಾಳ್ಯದಲ್ಲಿ ದೇಶ ಕಳೆದುಕೊಂಡು ಬಂದ ಟಿಬೆಟನ್ನರು ಜೋಳ ಬೆಳೆಯುತ್ತಾರೆ; ಅಲ್ಲೇ ಹುಟ್ಟಿದ ಮಕ್ಕಳು ಸಂತೆಯಲ್ಲಿ ನಮ್ಮಂತೆಯೇ "ಏನಣ್ಣೋ" ಅನ್ನುತ್ತವೆ. ಇಂಥ ಸೀಮೆಯಲ್ಲಿ ಕೂತು ಶುದ್ಧ ರಕ್ತ ಹುಡುಕಿದರೆ ಎಲ್ಲಿ ಸಿಕ್ಕೀತು? ಶುದ್ಧ ಜನಾಂಗ ಎಂಬುದು ಎಲ್ಲಿಯೂ ಇಲ್ಲ, ಲೋಕವೆಲ್ಲ ಬೆರಕೆಯೇ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ವಾದಿಸಿದ್ದಾರೆ.

*ಕಪಾಟಿನಲ್ಲಿರುವ ಕಂಸಾಳೆ*

ಇನ್ನು ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಬಳಗದ ಹಿರಿಯರೊಬ್ಬರು ನಮ್ಮ ಮನೆಗೆ ಬಂದಾಗ ಕೇಳಿದ್ದರು. ಬುದ್ಧರ ಚಿತ್ರ, ಬಾಬಾಸಾಹೇಬರ ಚಿತ್ರ ಇರುವ ಕಪಾಟಿನಲ್ಲಿ ಒಂದು ಜೊತೆ ಕಂಸಾಳೆ ಇದೆ. ಸಾಕಿದಪ್ಪ ಬಿಟ್ಟುಹೋದದ್ದು. "22 ಪ್ರತಿಜ್ಞೆ ತಗೊಂಡವನು ನೀನು. ಮಾದಪ್ಪನ ಕಂಸಾಳೆ ಇಲ್ಲೇಕೆ? ನದಿಗಳೆಲ್ಲ ಸಮುದ್ರ ಸೇರಿದ ಮೇಲೆ ಹಳೆ ಹೆಸರು ಬಿಡ್ತವೆ ಅಂತ ಬುದ್ಧರೇ ಹೇಳಿಲ್ವಾ?"

ಅವರ ಮಾತು ಹಗುರಲ್ಲ. ಪ್ರತಿಜ್ಞೆ ಆಟದ ಸಾಮಾನಲ್ಲ. ನಾನು ಕಂಸಾಳೆಗೆ ಊದುಬತ್ತಿ ಹಚ್ಚುವುದಿಲ್ಲ, ಕೈಮುಗಿಯುವುದಿಲ್ಲ, ವರ ಬೇಡುವುದಿಲ್ಲ. ಯುಗಾದಿಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತೇನೆ. ಬೀದಿಯವರು ನೀರು ಮುಟ್ಟದಿದ್ದ ಆ ಆರು ತಿಂಗಳು ಅಪ್ಪ ಇದನ್ನೇ ಹಿಡಿದು ದೂರದ ಊರುಗಳಲ್ಲಿ ಕೋರಣ್ಯ ಮಾಡಿ ತಂದ ರಾಗಿಯಲ್ಲಿ ಅವ್ವನ ಎದೆಗೆ ಹಾಲು ಬಂತು, ಆ ಹಾಲನ್ನು ನಾನು ಕುಡಿದೆ. ತೊಳೆಯುವಾಗ ನೆನೆಯುವುದು ಇದನ್ನೇ.

ನದಿಯ ಉಪಮೆಯನ್ನು ನಾನು ಹೀಗೆ ತಿಳಿದಿದ್ದೇನೆ. ಸಂಘಕ್ಕೆ ಬಂದವರು ನಾನು ಗಂಗೆ, ನೀನು ಹಳ್ಳ ಎಂಬ ಮೇಲುಕೀಳನ್ನು ದಡದಲ್ಲಿ ಬಿಡಬೇಕು. ಹೊತ್ತು ತಂದವರ ಉಪಕಾರ ಮರೆಯಬೇಕೆಂದು ಅಲ್ಲಿ ಹೇಳಿಲ್ಲ. ಸಮುದ್ರ ಸೇರಿದ ಬುದ್ಧರಿಗೇ ಆನಂದರು ಹಾಲು ನೆನಪಿಸಿದರಲ್ಲ! ಹಿರಿಯರು ಪೂರ್ತಿ ಒಪ್ಪಿಲ್ಲ. ಕೃತಜ್ಞತೆ ಮೆಲ್ಲಗೆ ಪೂಜೆಯಾಗುತ್ತದೆ, ಎಚ್ಚರ ಎನ್ನುತ್ತಾರೆ. ಆ ಎಚ್ಚರವನ್ನು ನಾನು ಇಟ್ಟುಕೊಂಡಿದ್ದೇನೆ, ಕಂಸಾಳೆಯನ್ನೂ ಇಟ್ಟುಕೊಂಡಿದ್ದೇನೆ.

ಕಂಸಾಳೆ ಕಂಚಿನದು. ತಾಮ್ರಕ್ಕೆ ತವರ ಬೆರೆತರೆ ಕಂಚು. ಬೆರೆತದ್ದರಿಂದಲೇ ಅದಕ್ಕೆ ಆ ನಾದ.

*ಹೆಮ್ಮೆಗೆ ಒಂದು ಪರೀಕ್ಷೆ*

ನಮ್ಮ ಹೆಮ್ಮೆ ಮಾನವೋ, ಕೃತಜ್ಞತೆಯೋ ಎಂದು ತಿಳಿಯಲು ನಾನು ಕಂಡುಕೊಂಡ ಮೂರು ಪ್ರಶ್ನೆಗಳು:

1. ಈ ಹೆಮ್ಮೆ ನಿಲ್ಲಲು ಯಾರಾದರೂ ನನಗಿಂತ ಕೆಳಗಿರಬೇಕೇ? ಬೇಕು ಎಂದರೆ ಅದು ಮಾನ.

2. ಇದನ್ನು ಹೇಳುವಾಗ ನನ್ನವರಲ್ಲಿ ಯಾರನ್ನಾದರೂ ಬಚ್ಚಿಡುತ್ತಿದ್ದೇನೆಯೇ? ಶಾಕ್ಯ ರಕ್ತ ಎಂದು ಚಪ್ಪಾಳೆ ತಟ್ಟಿದಾಗ ನಾನು ಇಬ್ಬರು ಅವ್ವಂದಿರನ್ನೂ ಬಚ್ಚಿಟ್ಟೆ.

3. ಈ ಹೆಮ್ಮೆ ನನ್ನಿಂದ ಏನು ಮಾಡಿಸುತ್ತಿದೆ? ಸಾಕಿದವ್ವ ಬೀದಿ ದಾಟಿ ಬಂದು ಕೂಸು ಎತ್ತಿಕೊಂಡಳು. ಅವಳ ಮಗ ಎಂದು ಎದೆ ತಟ್ಟಿಕೊಳ್ಳುವ ನಾನು ಯಾರಿಗಾಗಿ ಬೀದಿ ದಾಟಿದ್ದೇನೆ?

ಮೂರನೆಯದಕ್ಕೆ ನನ್ನ ಉತ್ತರ ಇನ್ನೂ ಚಿಕ್ಕದು. ಹೇಳಿಕೊಳ್ಳುವಷ್ಟಿಲ್ಲ.

ಬರುವ ಭಾನುವಾರ ಬಳಗದಲ್ಲಿ ಆ ಯುವಕನ ಪಕ್ಕದಲ್ಲಿ ಕೂತು ಈ ಕತೆ ಹೇಳುತ್ತೇನೆ. ಅವನ ಉತ್ಸಾಹ ತಣ್ಣಗಾಗಬಾರದು. ಶತಮಾನಗಳಿಂದ ನಿಮಗೆ ಕುಲವೇ ಇಲ್ಲ ಎಂದು ಕೇಳಿಸಿಕೊಂಡ ಕೇರಿಯ ಹುಡುಗ ಅವನು. ಒಂದು ದೊಡ್ಡ ಕುಲ ಸಿಕ್ಕಿತೆಂದು ಕುಣಿದರೆ ತಪ್ಪೇನು ಎಂದು ನನ್ನ ಮನಸ್ಸೂ ಹೇಳುತ್ತದೆ. ಆದರೆ ನಮ್ಮನ್ನು ಅಳೆದ ಕೋಲನ್ನೇ ನಾವು ಕೈಗೆ ತೆಗೆದುಕೊಳ್ಳುವುದು ಬೇಡ. ಬುದ್ಧರು ನಮ್ಮವರಾಗಲು ರಕ್ತ ಬೇಕಿಲ್ಲ. ಅವರ ಮಾತು ನಮ್ಮನ್ನು ಪೋಷಿಸಿದೆ, ಲೋಕ ತೋರಿಸಿದೆ. ಆ ಲೆಕ್ಕದಲ್ಲಿ ನಾವೆಲ್ಲ ಅವರ ಸಾಕುಮಕ್ಕಳೇ.

*ಇಂದಿನ ಅಭ್ಯಾಸ:* ಐದು ನಿಮಿಷ ಕಣ್ಣು ಮುಚ್ಚಿ ಕೂರಿ. ನಿಮ್ಮನ್ನು ಹೆತ್ತವರಲ್ಲದೆ ನಿಮಗೆ ಉಣ್ಣಿಸಿದ, ಕಲಿಸಿದ, ಎತ್ತಿಕೊಂಡ ಮೂವರನ್ನು ನೆನೆಯಿರಿ. ಅವರ ಭಾಷೆ, ಜಾತಿ, ಊರು ಯಾವುದಾದರೂ ಇರಲಿ. ಒಬ್ಬರು ಬದುಕಿದ್ದರೂ ಸಂಜೆಯೊಳಗೆ ಫೋನ್ ಮಾಡಿ.

ಕೊನೆಯದಾಗಿ ಒಂದು ಮಾತು. ನನ್ನ ಮಗಳ ಕೂಸಿಗೆ ಈಗ ಒಂಬತ್ತು ತಿಂಗಳು. ನಾನು ಅದನ್ನು "ತಂಗ" ಎಂದು ಕರೆಯುತ್ತೇನೆ. ಬೀದಿಯಲ್ಲಿ, ಎಲ್ಲರ ಮುಂದೆ, ಜೋರಾಗಿ ಕರೆಯುತ್ತೇನೆ. ಕೂಸು ತಿರುಗಿ ನೋಡುತ್ತದೆ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏

(ಓದಿ ಇಷ್ಟವಾದರೆ ನಿಮ್ಮ ಬಂಧುಗಳಿಗೂ ಕಳುಹಿಸಿ.)